ಪದಚರ್ಚೆ: ‘ಆರೋಗ್ಯ ಸುಧಾರಣೆ’ ಆದದ್ದು ಯಾರಿಗೆ?

ಗೆಳೆಯರಿಗೆ ನಮಸ್ಕಾರ.

ಒಂದು ಪದ ನಾಲ್ಕು ದಿನದಿಂದ ಸತಾಯಿಸುತ್ತಿದೆ. ಅದರ ಬೆನ್ನ ಹಿಂದೆ ಇನ್ನೂ ಎರಡು ಮೂರು ಬಂದು ಕೂತಿವೆ. ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೈಸೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಓದುವ ಹುಡುಗರಿಗೆ ಅಂತ ಸ್ನೇಹಿತರೊಬ್ಬರು ಒಂದಷ್ಟು ಪಾಠ ಬರೆಸುತ್ತಿದ್ದಾರೆ. ಬೇರೆ ದೇಶಗಳಲ್ಲಿ ದೊಡ್ಡ ಕಾಯ್ದೆ ಬಂದಾಗ ಜನ ಹೇಗೆ ಪರ, ವಿರೋಧ ಅಂತ ನಿಂತರು ಅನ್ನುವುದು ವಿಷಯ. ನನ್ನ ಪಾಲಿಗೆ ಬಂದದ್ದು ಅಮೆರಿಕದ 2010ರ ಕಾಯ್ದೆ. ಜನರಿಗೆ ಆರೋಗ್ಯ ವಿಮೆ ಸಿಗಲಿ ಅಂತ ಅಧ್ಯಕ್ಷ ಒಬಾಮಾ ಕಾಲದಲ್ಲಿ ತಂದದ್ದು, ಒಬಾಮಾಕೇರ್ ಅಂತ ನಾವೆಲ್ಲ ಪೇಪರಿನಲ್ಲಿ ಓದಿದ್ದು ಅದನ್ನೇ. ನಾನು ಕೊಟ್ಟ ತಲೆಬರಹ: ‘ಅಮೆರಿಕದ ಆರೋಗ್ಯ ಸುಧಾರಣಾ ಕಾಯ್ದೆ: ಪರ, ವಿರೋಧ’. ಪೇಪರಿನವರೂ ಹೀಗೇ ಬರೆಯುತ್ತಾರೆ. ತಪ್ಪೇನೂ ಕಾಣಲಿಲ್ಲ.

ಭಾನುವಾರ ಪಾಂಡವಪುರದ ಹತ್ತಿರ ನಮ್ಮ ದೊಡ್ಡವ್ವನ ಮನೆಗೆ ಹೋಗಿದ್ದೆ. ಪ್ರಿಂಟು ತೆಗೆದ ಹಾಳೆಗಳು ಬ್ಯಾಗಿನಲ್ಲಿದ್ದವು. ದೊಡ್ಡವ್ವ ಏಳನೇ ಕ್ಲಾಸಿನವರೆಗೆ ಓದಿದವರು. ಕಡ್ಲೆಪುರಿ ಕಟ್ಟಿಕೊಟ್ಟ ಕಾಗದವನ್ನೂ ಓದಿಯೇ ಒಲೆಗೆ ಹಾಕುವ ಜನ. ಜಗಲಿ ಮೇಲೆ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಿದ್ದರು. ಕೈಯನ್ನು ಸೆರಗಿಗೆ ಒರೆಸಿ, ಕನ್ನಡಕ ಏರಿಸಿ ತಲೆಬರಹ ಓದಿದರು. ಆಮೇಲೆ ನನ್ನ ಮುಖ ನೋಡಿದರು.

“ಅಲ್ಲ ಕಣ್ಲಾ, ಆರೋಗ್ಯ ಸುಧಾರ್ಸಿದ್ರೆ ಸಂತೋಷ ಪಡೋದ್ ಬುಟ್ಟು ಯಾಕ್ಲಾ ಕಿತ್ತಾಡ್ತಾವ್ರೆ?”

ನಗು ಬಂತು. ಬಸ್ಸಿನಲ್ಲಿ ವಾಪಸ್ ಬರುವಾಗ ನಗು ಹೋಯಿತು. ಅವರು ಕೇಳಿದ್ದು ಸರಿಯೇ ಅಲ್ವಾ? ನಮ್ಮಲ್ಲಿ ಆರೋಗ್ಯ ಸುಧಾರಿಸುವುದು ಹಾಸಿಗೆ ಹಿಡಿದವರಿಗೆ. “ಈಗ ಹೇಗಿದ್ದಾರೆ?” “ಪರವಾಗಿಲ್ಲ, ಸುಧಾರಿಸಿದೆ.” ಬಿಸಿಲಲ್ಲಿ ನಡೆದು ಬಂದವರಿಗೆ “ಕೂತ್ಕೊಳ್ಳಿ, ಸ್ವಲ್ಪ ಸುಧಾರಿಸ್ಕೊಳ್ಳಿ” ಅನ್ನುತ್ತೇವೆ. ಮದುವೆ ಮನೆಯಲ್ಲಿ ಪಂಕ್ತಿ ಮೇಲೆ ಪಂಕ್ತಿ ಬಂದರೂ ಊಟ ಬಡಿಸಿ ಸುಧಾರಿಸುವವರು ಇದ್ದಾರೆ. ಸೊಸೆ ಮುನಿಸಿಕೊಂಡರೆ “ಏನೋ ಸುಧಾರಿಸ್ಕೊಂಡು ಹೋಗವ್ವ” ಅನ್ನುವವರೂ ಇದ್ದಾರೆ. ಗುಣವಾಗುವುದು, ದಣಿವಾರಿಸಿಕೊಳ್ಳುವುದು, ನಿಭಾಯಿಸುವುದು, ಸಹಿಸಿಕೊಳ್ಳುವುದು. ಇಷ್ಟರಲ್ಲಿ ಒಂದಕ್ಕೂ ಪಾರ್ಲಿಮೆಂಟು ಬೇಕಾಗಿಲ್ಲ.

ಗೊಂದಲಕ್ಕೆ ಅರ್ಧ ಕಾರಣ ‘ಆರೋಗ್ಯ’. ಮೈ ಚೆನ್ನಾಗಿರುವುದೂ ಆರೋಗ್ಯ, ಅದನ್ನು ನೋಡಿಕೊಳ್ಳುವ ಇಲಾಖೆಯೂ ಆರೋಗ್ಯ. ಹೆಲ್ತ್ ಕೇರ್ ಅನ್ನುವುದರ ಎರಡನೇ ಪದ ನಮ್ಮಲ್ಲಿ ಬಿದ್ದುಹೋಗಿದೆ. ‘ಆರೈಕೆ’ ಸೇರಿಸಿ ನೋಡಿದೆ. ‘ಆರೋಗ್ಯ ಆರೈಕೆ ಕಾಯ್ದೆ’. ಫೋನಿನಲ್ಲಿ ದೊಡ್ಡವ್ವನಿಗೆ ಓದಿ ಹೇಳಿದರೆ, ಬಾಣಂತಿಗೆ ಆರೈಕೆ ಮಾಡೋಕೂ ಕಾನೂನು ಬೇಕೇನ್ಲಾ ಅಂದರು. ಚಿಕಿತ್ಸೆ ಅಂದರೆ ಸೂಜಿ, ಮಾತ್ರೆಗೆ ನಿಂತುಬಿಡುತ್ತದೆ. ಅಮೆರಿಕದ ಜಗಳ ಮಾತ್ರೆಯದ್ದಲ್ಲ, ಬಿಲ್ಲಿನದ್ದು. ಆಸ್ಪತ್ರೆ ಖರ್ಚು ಯಾರು ಕೊಡಬೇಕು, ಯಾರಿಗೆ ವಿಮೆ ಸಿಗಬೇಕು, ಬೇಡ ಅನ್ನುವವನಿಗೂ ಕಟ್ಟಿಸಬಹುದಾ. ಇಷ್ಟೇ.

ಇನ್ನರ್ಧ ಕಾರಣ ‘ಸುಧಾರಣೆ’. ಅದು ನನ್ನನ್ನು ಜಾಸ್ತಿ ಕಾಡುತ್ತಿದೆ. ಆ ಪದದ ಹೊಟ್ಟೆಯಲ್ಲೇ ಒಳ್ಳೆಯದು ಕೂತಿದೆ. ಕೆಡಿಸಿದ್ದನ್ನು ಯಾರೂ ಸುಧಾರಣೆ ಅನ್ನುವುದಿಲ್ಲ. ಈ ಕಾಯ್ದೆಯಿಂದ ಒಳ್ಳೆಯದಾಯಿತಾ ಕೆಟ್ಟದ್ದಾಯಿತಾ ಅನ್ನುವುದೇ ಅಲ್ಲಿನ ಜಗಳ. ಕೆಳಮನೆಯಲ್ಲಿ 2010ರ ಮಾರ್ಚ್ 21ರಂದು 219ಕ್ಕೆ 212 ಮತದಲ್ಲಿ ಪಾಸಾಯಿತು. ಪರ ಬಿದ್ದ ಮತಗಳಲ್ಲಿ ವಿರೋಧ ಪಕ್ಷದ ರಿಪಬ್ಲಿಕನ್ನರದ್ದು ಒಂದೂ ಇಲ್ಲ. ಅರ್ಧ ದೇಶ ‘ಇದು ಸುಧಾರಣೆ ಅಲ್ಲವೇ ಅಲ್ಲ’ ಅಂತ ಕೂಗುತ್ತಿರುವಾಗ ನಾನು ತಲೆಬರಹದಲ್ಲೇ ಸುಧಾರಣೆ ಅಂತ ಬರೆದರೆ ತೀರ್ಪು ಕೊಟ್ಟ ಹಾಗಾಯಿತಲ್ಲ.

ಇದು ಅಮೆರಿಕದ ಕಷ್ಟ ಮಾತ್ರ ಅಲ್ಲ. ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ, 1974ರಲ್ಲಿ ಉಳುವವನಿಗೆ ಹೊಲ ಕೊಟ್ಟದ್ದು ಭೂ ಸುಧಾರಣೆ. ಯಾರು ಬೇಕಾದರೂ ಹೊಲ ಕೊಳ್ಳಬಹುದು ಅಂತ 2020ರಲ್ಲಿ 79ಎ, 79ಬಿ ಕಲಮುಗಳನ್ನು ಕಿತ್ತದ್ದೂ ಭೂ ಸುಧಾರಣೆ ಕಾಯ್ದೆಯ ತಿದ್ದುಪಡಿಯೇ. ಒಂದರ ದಿಕ್ಕು ಪೂರ್ವ, ಇನ್ನೊಂದರದ್ದು ಪಶ್ಚಿಮ. ಎರಡಕ್ಕೂ ಹಣೆಪಟ್ಟಿ ಒಂದೇ. ಮಂಡ್ಯದ ರೈತರು ಎರಡನೆಯದನ್ನು ಬಾಯಿತಪ್ಪಿಯೂ ಸುಧಾರಣೆ ಅಂದದ್ದು ನಾನು ಕೇಳಿಲ್ಲ. ‘ಸೆವೆಂಟಿ ನೈನ್ ಎ ಬಿ’ ಅನ್ನುತ್ತಾರೆ, ಅಥವಾ ಬೈಯುತ್ತಾರೆ. ಮೊದಲನೆಯದೂ ಅವರ ಬಾಯಲ್ಲಿ ‘ಉಳುವವನೇ ಒಡೆಯ’. ಸುಧಾರಣೆ ಅನ್ನುವುದು ಕಚೇರಿ ಫೈಲಿನ ಮಾತಾಗಿಯೇ ಉಳಿದಿದೆ.

ಹಾಗಾದರೆ ಬದಲಿಗೆ ಏನು? ‘ಬದಲಾವಣೆ’ ಸಪ್ಪೆ, ಆದರೆ ಯಾರ ಪರವೂ ಅಲ್ಲ. ‘ಮಾರ್ಪಾಡು’ ಅಂದರೆ ಗೋಡೆ ಒಡೆದು ಕಿಟಕಿ ಇಟ್ಟ ಹಾಗೆ, ಚಿಕ್ಕದಾಯಿತು. ‘ತಿದ್ದುಪಡಿ’ಗೆ ಬೇರೆ ಕೆಲಸ ಇದೆ. ‘ಪರಿಷ್ಕರಣೆ’ ಮಾತ್ರ ಬೇಡ. ಹಾಲಿನ ದರ, ಬಸ್ ದರ, ಕರೆಂಟ್ ದರ ಎಲ್ಲ ನಮ್ಮಲ್ಲಿ ಪರಿಷ್ಕರಣೆ ಆಗುತ್ತಲೇ ಇರುತ್ತವೆ. ಒಂದು ಸಲವಾದರೂ ಇಳಿದದ್ದು ನನಗೆ ನೆನಪಿಲ್ಲ.

ನಾನು ಈಗ ಮಾಡಿರುವುದು ಇದು. ನನ್ನ ಮಾತಿನಲ್ಲಿ ಬರೆಯುವಾಗ ‘ಆಸ್ಪತ್ರೆ ಖರ್ಚಿನ ಕಾಯ್ದೆ’. ಪರ ಇದ್ದವರ ಬಾಯಲ್ಲಿ ‘ಸುಧಾರಣೆ’. ವಿರೋಧಿಗಳ ಬಾಯಲ್ಲಿ ಅವರು ಏನಂದರೋ ಅದು. ತಮಾಷೆ ಅಂದರೆ ವಿರೋಧಿಗಳೂ 2017ರಲ್ಲಿ ಇದನ್ನು ಕಿತ್ತುಹಾಕಲು ತಂದ ಒಂದು ಮಸೂದೆಗೆ ‘ಬೆಟರ್ ಕೇರ್’ ಅಂತ ಹೆಸರಿಟ್ಟಿದ್ದರು. ಅವರದ್ದೂ ಸುಧಾರಣೆಯೇ. ಮೇಲ್ಮನೆ ಸೆನೆಟ್ಟಿನಲ್ಲಿ ಆ ಜುಲೈನ ಅವರ ಕೊನೆಯ ಪ್ರಯತ್ನ 49ಕ್ಕೆ 51 ಮತದಿಂದ ಬಿತ್ತು. ಅವರದ್ದೇ ಪಕ್ಷದ ಜಾನ್ ಮೆಕೇನ್ ನಡುರಾತ್ರಿ ದಾಟಿದ ಮೇಲೆ ಎದ್ದು ಬಂದು ಬೇಡ ಅಂತ ಹೆಬ್ಬೆರಳು ಕೆಳಗೆ ಮಾಡಿದ್ದು ಆಗಲೇ. ‘ಆಸ್ಪತ್ರೆ ಖರ್ಚಿನ ಕಾಯ್ದೆ’ ತೀರಾ ಜಗಲಿ ಮಾತಾಯಿತಾ? ಪಾಠದಲ್ಲಿ ನಿಲ್ಲುತ್ತದಾ? ಇದು ನನ್ನ ಮೊದಲ ಪ್ರಶ್ನೆ.

ಹೆಸರಿನ ವಿಷಯಕ್ಕೆ ಇಷ್ಟೊಂದು ಹಟ ಯಾಕೆ ಅಂತ ಕೇಳಬೇಡಿ. ‘ಒಬಾಮಾಕೇರ್’ ಬಗ್ಗೆ ಏನನ್ನುತ್ತೀರಿ ಅಂದರೆ ಮೂಗು ಮುರಿದ ಜನ, ಅದೇ ಕಾಯ್ದೆಯ ಅಧಿಕೃತ ಹೆಸರು, ‘ಅಫೋರ್ಡಬಲ್ ಕೇರ್ ಆ್ಯಕ್ಟ್’, ಹೇಳಿ ಕೇಳಿದರೆ ಅಷ್ಟು ವಿರೋಧಿಸಲಿಲ್ಲ ಅಂತ ಅಲ್ಲಿನ ಸಮೀಕ್ಷೆಗಳೇ ತೋರಿಸಿವೆ. ಒಬಾಮಾಕೇರ್ ಮೊದಲು ವಿರೋಧಿಗಳು ಅಂಟಿಸಿದ ಹೆಸರು. ಆಮೇಲೆ ಒಬಾಮಾ ಅವರೇ ಅದನ್ನು ಒಪ್ಪಿಕೊಂಡರು.

ಎರಡನೆಯದು ನನಗೆ ತುಂಬ ಇಷ್ಟವಾದ ಕಗ್ಗಂಟು. ಈ ಕಾಯ್ದೆ ಪ್ರಕಾರ ಎಲ್ಲರೂ ವಿಮೆ ಮಾಡಿಸಬೇಕಿತ್ತು. ಇದಕ್ಕೆ ಅವರು ಮ್ಯಾಂಡೇಟ್ ಅನ್ನುತ್ತಾರೆ. ನಾನು ನಿದ್ದೆಗಣ್ಣಿನಲ್ಲಿ ‘ವೈಯಕ್ತಿಕ ಜನಾದೇಶ’ ಅಂತ ಬರೆದು, ಬೆಳಿಗ್ಗೆ ನೋಡಿ ನಾಚಿಕೊಂಡು ‘ಕಡ್ಡಾಯ’ ಅಂತ ತಿದ್ದಿದೆ. ಅಲ್ಲಿಗೆ ಅದು ಮುಗಿಯಿತು. ವಿಮೆ ಮಾಡಿಸದೆ ಇದ್ದರೆ ದುಡ್ಡು ಕಟ್ಟಬೇಕು. 2016ರ ಹೊತ್ತಿಗೆ ದೊಡ್ಡವರಿಗೆ ತಲೆಗೆ 695 ಡಾಲರ್, ಇಲ್ಲವೇ ಆದಾಯದ ಶೇ 2.5, ಯಾವುದು ಜಾಸ್ತಿಯೋ ಅದು. ಪ್ರಶ್ನೆ ಇರುವುದು ಇಲ್ಲಿ. ಈ ದುಡ್ಡು ದಂಡವೋ ತೆರಿಗೆಯೋ?

ಕಾಯ್ದೆಯಲ್ಲಿ ಬರೆದಿದ್ದದ್ದು ಪೆನಾಲ್ಟಿ, ಅಂದರೆ ದಂಡ. ಇದು ತೆರಿಗೆ ಅಲ್ಲ ಅಂತ ಒಬಾಮಾ 2009ರಲ್ಲಿ ಟಿವಿಯಲ್ಲೇ ವಾದ ಮಾಡಿದ್ದರು. ವಿರೋಧಿಗಳು ಕೋರ್ಟಿಗೆ ಹೋದರು. ಸುಮ್ನೆ ಮನೆಯಲ್ಲಿ ಕೂತವನಿಗೆ ‘ಈ ಸಾಮಾನು ಕೊಳ್ಳು’ ಅಂತ ಸರ್ಕಾರ ಹೇಳಬಹುದಾ ಅನ್ನುವುದು ಅವರ ವಾದ. ಹಾಗಾದರೆ ಬ್ರೊಕೊಲಿ ಕೊಳ್ಳಲೇಬೇಕು ಅಂತಲೂ ಹೇಳುತ್ತೀರಾ ಅಂತ ಒಬ್ಬ ನ್ಯಾಯಮೂರ್ತಿ ಕೇಳಿದ್ದು ಆಗ ಮನೆಮಾತಾಗಿತ್ತು. (ಇಲ್ಲಿ ಈರನಗೆರೆ ಬದನೆಕಾಯಿ ಅಂತ ಹಾಕಲು ಕೈ ತುರಿಸಿತು. ಹಾಕಲಿಲ್ಲ.) ಹುಡುಗರಿಗೆ ಗಾಡಿ ಇನ್ಶೂರೆನ್ಸ್ ಉದಾಹರಣೆ ಕೊಟ್ಟರೆ ಬೇಗ ಹತ್ತುತ್ತದೆ. ಇನ್ಶೂರೆನ್ಸ್ ಇಲ್ಲದೆ ಬೈಕಿನಲ್ಲಿ ಹೋಗಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ. ಆದರೆ ಬೈಕ್ ಬೇಡ ಅಂತ ಮಾರಿ ನಡೆದುಕೊಂಡು ಹೋಗಬಹುದು. ಮೈಯನ್ನು ಹಾಗೆ ಬಿಟ್ಟು ಹೋಗಲಿಕ್ಕಾಗುತ್ತದಾ? ವಿರೋಧಿಗಳು ಹಿಡಿದದ್ದು ಇದೇ ಎಳೆ.

2012ರ ಜೂನ್ 28ರಂದು ಸುಪ್ರೀಂ ಕೋರ್ಟ್ 5ಕ್ಕೆ 4ರಲ್ಲಿ ಈ ಕಡ್ಡಾಯವನ್ನು ಉಳಿಸಿತು. ಹೇಗೆ ಅಂತೀರಾ? ಕೊಳ್ಳು ಅಂತ ಆಜ್ಞೆ ಮಾಡುವ ಅಧಿಕಾರ ಇಲ್ಲ, ಆದರೆ ತೆರಿಗೆ ಹಾಕುವ ಅಧಿಕಾರ ಇದೆ, ಇದನ್ನು ತೆರಿಗೆ ಅಂತಲೇ ಓದಿಕೊಳ್ಳಬಹುದು ಅಂದರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಇನ್ನೂ ಸ್ವಾರಸ್ಯ ಇದೆ. ತೆರಿಗೆಯನ್ನು ಕಟ್ಟುವ ಮೊದಲೇ ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿಲ್ಲ ಅಂತ ಅಲ್ಲಿ ಒಂದು ಹಳೆಯ ಕಾನೂನು. ಆ ಕಾನೂನಿನ ಮಟ್ಟಿಗೆ ಇದು ತೆರಿಗೆ ಅಲ್ಲ, ಯಾಕೆಂದರೆ ಸಂಸತ್ತು ಇದನ್ನು ದಂಡ ಅಂತ ಕರೆದಿದೆ. ಸಂವಿಧಾನದ ಮಟ್ಟಿಗೆ ಇದು ತೆರಿಗೆ. ಒಂದೇ ತೀರ್ಪಿನಲ್ಲಿ ಅಲ್ಲ, ಹೌದು, ಎರಡೂ.

ಈಗ ಕನ್ನಡಕ್ಕೆ ಬನ್ನಿ. ನಮ್ಮ ದಿನದ ಮಾತಿನಲ್ಲಿ ‘ಕಟ್ಟು’ ಅನ್ನುವ ಒಂದೇ ಕ್ರಿಯೆ ಎಲ್ಲವನ್ನೂ ನುಂಗುತ್ತದೆ. ಕಂದಾಯ ಕಟ್ಟಿದೆ, ಫೈನ್ ಕಟ್ಟಿದೆ, ವಿಮೆ ಕಂತು ಕಟ್ಟಿದೆ. ಹಳೆಯ ಮಾತಿಗೆ ಹೋದರೆ ಇನ್ನೂ ಚೆಂದ. ನಾವು ದಂಡ ‘ತೆರು’ತ್ತೇವೆ. ‘ತೆರಿಗೆ’ ಬಂದದ್ದೂ ಆ ತೆರು ಅನ್ನುವುದರಿಂದಲೇ. ತೆತ್ತದ್ದೆಲ್ಲ ತೆರಿಗೆ ಅಂದರೆ ರಾಬರ್ಟ್ಸ್ ಅವರ ತೀರ್ಪು ಕನ್ನಡದಲ್ಲಿ ಒಂದೇ ಸಾಲಿಗೆ ಮುಗಿಯುತ್ತದೆ!

ಆದರೆ ‘ದಂಡ’ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದರಲ್ಲಿ ತಪ್ಪು ಇದೆ. ತಪ್ಪು ಮಾಡಿದವನು ದಂಡ ತೆರುತ್ತಾನೆ. ತೆರಿಗೆ ಕಟ್ಟುವವನು ಯಾವ ತಪ್ಪೂ ಮಾಡಿಲ್ಲ, ಸುಮ್ನೆ ಸಂಬಳ ತಗೊಂಡಿದ್ದಾನೆ. ತೀರ್ಪಿನ ಒಂದು ಕಾರಣವೂ ಇದೇ. ವಿಮೆ ಮಾಡಿಸದೆ ಆ ದುಡ್ಡು ಕಟ್ಟಿದವನು ಕಾನೂನು ಮುರಿದ ಹಾಗಲ್ಲ, ಅವನಿಗೆ ಬೇರೆ ಯಾವ ಶಿಕ್ಷೆಯೂ ಇಲ್ಲ ಅಂತ ಹೇಳಿದ್ದಾರೆ. ನಮ್ಮೂರ ಕಡೆ ‘ತಪ್ಪುಕಾಣಿಕೆ’ ಅನ್ನುವ ಮಾತಿದೆ, ದೇವರ ಮುಂದೆ ಇಡುವುದು. ಅದಂತೂ ಇಲ್ಲಿ ಒಗ್ಗುವುದೇ ಇಲ್ಲ. ಮೇಲಾಗಿ ದಂಡಕ್ಕೆ ಇನ್ನೊಂದು ಅರ್ಥ ಅಂಟಿದೆ: “ಹೋಗಿದ್ದು ದಂಡ ಆಯ್ತು.” ವಿರೋಧಿಗಳಿಗೆ ಇದು ಹಬ್ಬ.

ಹಾಗಾಗಿ ತೀರ್ಪಿನ ಭಾಗದಲ್ಲಿ ಒಂದು ಬಿಳಿ ಪದ ಬೇಕಾಗಿದೆ, ದಂಡವೂ ಅಲ್ಲದ ತೆರಿಗೆಯೂ ಅಲ್ಲದ ಪದ. ‘ತೆರಬೇಕಾದ ಹಣ’ ಅಂತ ತಾತ್ಕಾಲಿಕವಾಗಿ ಹಾಕಿದ್ದೇನೆ. ‘ಶುಲ್ಕ’ ಅಂತ ಹಾಕೋಣ ಅಂದರೆ, ಶುಲ್ಕ ಕೊಟ್ಟರೆ ಏನಾದರೂ ಸಿಗಬೇಕು. ಇಲ್ಲಿ ಏನೂ ಸಿಗುವುದಿಲ್ಲ. 2017ರ ಕೊನೆಯಲ್ಲಿ ಬಂದ ತೆರಿಗೆ ಕಾನೂನು ಈ ಮೊತ್ತವನ್ನು 2019ರಿಂದ ಸೊನ್ನೆ ಮಾಡಿತು. ಕಡ್ಡಾಯ ಪುಸ್ತಕದಲ್ಲಿ ಇದೆ, ಕಟ್ಟಬೇಕಾದ್ದು ಸೊನ್ನೆ. ಅದಕ್ಕೇನು ಅನ್ನಬೇಕೋ ಅದನ್ನು ಇನ್ನೊಂದು ದಿನ ನೋಡೋಣ.

ಚಿಕ್ಕವು ಕೆಲವು. ‘ಇನ್ಶೂರ್ಡ್’ ಅನ್ನುವುದಕ್ಕೆ ‘ವಿಮಾದಾರ’ ಅಂತ ಬರೆದಿದ್ದೆ. ದೊಡ್ಡವ್ವನ ಮನೆಯಲ್ಲಿ ಅದನ್ನು ‘ಕಾರ್ಡು ಇರೋರು’ ಅಂತ ಬದಲಿಸುವ ಮನಸ್ಸಾಯಿತು. ಮದ್ದೂರು ಕಡೆಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ, 2003ರಲ್ಲಿ ಯಶಸ್ವಿನಿ ಅನ್ನುವ ಆರೋಗ್ಯ ವಿಮೆ ಯೋಜನೆ ಶುರುವಾಯಿತು. ಸಹಕಾರ ಸಂಘದ ಸದಸ್ಯರಿಗೆ ತಲೆಗೆ ವರ್ಷಕ್ಕೆ 60 ರೂಪಾಯಿ. ಆವತ್ತಿನಿಂದ ಈ ಕಡೆ ಯಾರೂ ವಿಮೆ ‘ಪಡೆಯುವುದಿಲ್ಲ’, ಕಾರ್ಡು ‘ಮಾಡಿಸುತ್ತಾರೆ’. 2018ರಲ್ಲಿ ಆ ಯೋಜನೆಯನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು, 2022ರಲ್ಲಿ ಮತ್ತೆ ತಂದರು. ದೊಡ್ಡವ್ವನ ಹಳೆಯ ಕಾರ್ಡು ಮಾತ್ರ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಹಾಗೇ ಇದೆ, ಮೂಲೆ ಸವೆದು, ಅರಿಶಿನದ ಬೆರಳಚ್ಚಿನ ಸಮೇತ.

‘ಪ್ರೀ ಎಕ್ಸಿಸ್ಟಿಂಗ್ ಕಂಡಿಷನ್’ಗೆ ‘ಹಳೇ ಕಾಯಿಲೆ’ ಸಾಕು ಅಂತ ನನ್ನ ತೀರ್ಮಾನ. ನಮ್ಮ ಬಾವನ ಆಪರೇಷನ್ ಖರ್ಚನ್ನು ಒಂದು ವಿಮೆ ಕಂಪನಿ ಇದೇ ನೆಪದಲ್ಲಿ ತಳ್ಳಿಹಾಕಿತ್ತು. ಆಗ ಬಂದ ಪತ್ರದಲ್ಲಿ ‘ಪೂರ್ವ ಅಸ್ತಿತ್ವದಲ್ಲಿರುವ ಸ್ಥಿತಿ’ ಅಂತಿತ್ತು. ಬಾವ ಅದನ್ನು ಮೂರು ಸಲ ಓದಿ, “ಯಾವ ಊರಿನ ಸ್ಥಿತಿ ಇದು?” ಅಂದರು. ಹಳೇ ಕಾಯಿಲೆ ಇದೆ ಅಂತ ವಿಮೆ ನಿರಾಕರಿಸುವ ಹಾಗಿಲ್ಲ ಅನ್ನುವುದು ಅಮೆರಿಕದ ಕಾಯ್ದೆಯಲ್ಲಿ ವಿರೋಧಿಗಳಲ್ಲೂ ತುಂಬ ಜನ ಮೆಚ್ಚಿದ ಅಂಶ. ಅಂಥ ಮಾತು ಅರ್ಥವಾಗುವ ಹಾಗೆ ಇರಬೇಡವಾ?

‘ಡೆತ್ ಪ್ಯಾನೆಲ್’ ಅನ್ನುವುದು 2009ರ ಆಗಸ್ಟಿನಲ್ಲಿ ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್ ಹಬ್ಬಿಸಿದ ಮಾತು. ಮುದುಕರು ಬದುಕಬೇಕಾ ಬೇಡವಾ ಅಂತ ಸರ್ಕಾರದ ಸಮಿತಿ ತೀರ್ಮಾನಿಸುತ್ತದೆ ಅನ್ನುವ ಭಯ. ಅಂಥದ್ದು ಮಸೂದೆಯಲ್ಲಿ ಇರಲಿಲ್ಲ. ಕೊನೆಗಾಲದ ಚಿಕಿತ್ಸೆ ಬಗ್ಗೆ ರೋಗಿ ತಾನಾಗಿ ಬಯಸಿದರೆ ಡಾಕ್ಟರ ಹತ್ತಿರ ಮಾತಾಡಬಹುದು, ಆ ಫೀಸನ್ನು ಸರ್ಕಾರ ಕೊಡುತ್ತದೆ ಅಂತಿತ್ತು. ಗಲಾಟೆಗೆ ಹೆದರಿ ಅದನ್ನೂ ಕೈಬಿಟ್ಟರು. ಕನ್ನಡದಲ್ಲಿ ‘ಸಾವಿನ ಸಮಿತಿ’ ಅಂದರೆ ಯಾರೂ ಹೆದರುವುದಿಲ್ಲ, ಶ್ರದ್ಧಾಂಜಲಿ ಸಭೆಯ ಹಾಗೆ ಕೇಳಿಸುತ್ತದೆ. ‘ಯಮನ ಪಂಚಾಯ್ತಿ’ ಅಂದರೆ ಮೂಲದ ಕುಟುಕು ಬರುತ್ತದೆ. ಜೊತೆಗೆ ಯಮನೂ ಬರುತ್ತಾನೆ. ಅವನನ್ನು ಅಮೆರಿಕಕ್ಕೆ ಕಳಿಸಬಹುದಾ?

ಇದೇ ಗುರುವಾರ ಪಾಠ ಕೊಡಬೇಕು. ಧಾರವಾಡ, ಮಂಗಳೂರು ಕಡೆಯವರು ‘ಸುಧಾರಿಸು’ ಅನ್ನುವುದನ್ನು ದಿನದ ಮಾತಿನಲ್ಲಿ ಹೇಗೆ ಬಳಸುತ್ತೀರಿ ಅಂತ ಬರೆಯಿರಿ. ಇನ್ನೊಂದು, ಮಂಡ್ಯ ಕಡೆಯವರಿಗೆ ಮಾತ್ರ. ಹಿಂದೆ ಗಂಡಿನ ಕಡೆಯವರು ಹೆಣ್ಣಿಗೆ ಕೊಡುತ್ತಿದ್ದ ದುಡ್ಡಿಗೆ ‘ತೆರ’ ಅನ್ನುತ್ತಿದ್ದರಲ್ಲ, ಆ ಮಾತು ನಿಮ್ಮ ಮನೆಗಳಲ್ಲಿ ಇನ್ನೂ ಯಾರ ಬಾಯಲ್ಲಾದರೂ ಇದೆಯಾ? ದೊಡ್ಡವ್ವನನ್ನು ಕೇಳಿದೆ. “ನಮ್ಮವ್ವುಂಗೆ ಕೊಟ್ಟಿದ್ರಂತೆ” ಅಂದು ಅವರೆಕಾಯಿ ಬಿಡಿಸುವುದಕ್ಕೆ ಕೂತರು. ಅದು ದಂಡವೋ ತೆರಿಗೆಯೋ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.