ಸಹಾಯ ಬೇಕು: ‘ಹಿತಶತ್ರು’ ಎಂದರೆ ನಿಖರವಾಗಿ ಯಾರು?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಬಡಾವಣೆಯ ರಾಜ್ಯೋತ್ಸವ ಸಂಚಿಕೆಗೆ ಲೇಖನವೊಂದನ್ನು ಬರೆಯುತ್ತಾ ‘ಹಿತಶತ್ರು’ ಎಂಬ ಪದದ ಬಳಿ ಸಿಕ್ಕಿಕೊಂಡಿದ್ದೇನೆ. ‘ಗೋಮುಖವ್ಯಾಘ್ರ’ ಎಂದಾಗ ಸಾಧುವೇಷದೊಳಗಿನ ಕ್ರೌರ್ಯವೂ, ‘ಬೆನ್ನಿಗೆ ಚೂರಿ ಹಾಕಿದ’ ಎಂದಾಗ ನಡೆದುಹೋದ ದ್ರೋಹವೂ ಸ್ಪಷ್ಟವಾಗುತ್ತವೆ. ಹಿತಶತ್ರುವಾದರೋ ಪಕ್ಕದಲ್ಲೇ ಕುಳಿತು ಕಾಫಿ ಕುಡಿಯುತ್ತಿರುತ್ತಾನೆ, ಕೇಡು ಇನ್ನೂ ಹೊರಬಿದ್ದಿರುವುದಿಲ್ಲ. ಕಿಟೆಲರ 1894ರ ನಿಘಂಟಿನಿಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಸಂಪುಟಗಳವರೆಗೆ ತಿರುವಿಹಾಕಿದರೂ ಬಳಕೆಯ ಕುರಿತ ನನ್ನ ಗೊಂದಲ ತೀರಲಿಲ್ಲ. ಕೇಡು ಬಯಸದೆ, ಬರೀ ಅತಿಯಾದ ಅಕ್ಕರೆಯಿಂದ ತಪ್ಪು ಸಲಹೆ ಕೊಟ್ಟು ಮುಳುಗಿಸುವ ಬಂಧುವನ್ನೂ (ಅಂಥವರಿಗೆ ನಮ್ಮಲ್ಲಿ ಬರವಿಲ್ಲ) ಹಿತಶತ್ರು ಎನ್ನಬಹುದೇ, ಅಥವಾ ಆ ಪದಕ್ಕೆ ಬಚ್ಚಿಟ್ಟ ದುರುದ್ದೇಶ ಇರಲೇಬೇಕೇ? ಬಳಕೆಯ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಿಕೊಡುವಿರಾ?