ಡಿಪ್ಲೊಮಾ ಹುಡುಗನಾ, 11 ವರ್ಷ ಮಷಿನ್ ಮುಂದೆ ನಿಂತವರಾ?

ಕೇಳಿದವರು: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶಾಪ್ ಇದೆ. ಒಂಬತ್ತು ಜನ, ಎರಡು ಸಿಎನ್‌ಸಿ ಟರ್ನಿಂಗ್ ಮಷಿನ್ (ಕಂಪ್ಯೂಟರ್ ಪ್ರೋಗ್ರಾಂನಂತೆ ಲೋಹ ಕಡೆಯುವ ಯಂತ್ರ). ಸೆಟ್ಟರ್ ಒಬ್ಬರು, ಅಂದರೆ ಮಷಿನ್‌ಗೆ ಟೂಲ್ ಜೋಡಿಸಿ ಅಳತೆ ಹೊಂದಿಸುವವರು, ಬೇಕು. ಬಂದವರಲ್ಲಿ ಒಬ್ಬ ಈಗಷ್ಟೇ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಹುಡುಗ. ಇನ್ನೊಬ್ಬರು ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ಆದರೆ 11 ವರ್ಷದ ಅನುಭವ. ಅಪ್ಪ ಅನುಭವ ನೋಡು ಅಂತಾರೆ, ಭಾವ ಓದು ನೋಡು ಅಂತಾರೆ. ನಿಮ್ಮಲ್ಲಿ ಹೇಗಾಯಿತು, ಹೇಳ್ತೀರಾ?

ಇದೇ ಕೆಲಸದ ಶಾಪ್ ನಡೆಸುವವರು: ನನ್ನ ತಪ್ಪು ಮೊದಲು ಹೇಳುತ್ತೇನೆ. ಆರು ವರ್ಷದ ಹಿಂದೆ ಡಿಪ್ಲೊಮಾ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಒಬ್ಬರನ್ನು ಬಾಗಿಲಲ್ಲೇ ವಾಪಸ್ ಕಳಿಸಿದೆ. ನಾನು ತೆಗೆದುಕೊಂಡ ಹುಡುಗ ಪ್ರೋಗ್ರಾಂ ಚೆನ್ನಾಗಿ ಬರೆಯುತ್ತಿದ್ದ. ಆದರೆ ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದು ಬೋರ್ (ಪಾರ್ಟ್ ಒಳಗಿನ ತೂತು) ಸೈಜ್ ಚಿಕ್ಕದಾಗುತ್ತಾ ಹೋಗಿದ್ದು ಅವನಿಗೆ ಗೊತ್ತಾಗಲೇ ಇಲ್ಲ. ಇಪ್ಪತ್ತು ಮೈಕ್ರಾನ್, ಅಂದರೆ 0.02 ಮಿ.ಮೀ. ಅಷ್ಟೇ. ಬೇರಿಂಗ್ ಕೂರಲಿಲ್ಲ, ಲಾಟ್ ಪೂರ್ತಿ ವಾಪಸ್ ಬಂತು. ಬೋರ್ ಚಿಕ್ಕದಾಗಿದ್ದಕ್ಕೆ ಮತ್ತೆ ಮಷಿನ್‌ಗೆ ಹಾಕಿ ಸರಿ ಮಾಡಿದೆವು. ದೊಡ್ಡದಾಗಿದ್ದರೆ ಅಷ್ಟೂ ಸ್ಕ್ರ್ಯಾಪ್. ಪಳಗಿದವರಾದರೆ ಮಷಿನ್ ಸದ್ದು ಬದಲಾದಾಗಲೇ ನಿಲ್ಲಿಸಿ ಇನ್ಸರ್ಟ್ ನೋಡುತ್ತಾರೆ.

ಹಾಗಂತ 11 ವರ್ಷ ಅಂದ ತಕ್ಷಣ ನಂಬಬೇಡಿ. ಅಷ್ಟೂ ವರ್ಷ ಒಂದೇ ಪಾರ್ಟ್‌ಗೆ ಬಟನ್ ಒತ್ತಿದವರೂ ಇರುತ್ತಾರೆ. ಇಬ್ಬರಿಗೂ ಅರ್ಧ ದಿನ ಟ್ರಯಲ್ ಕೊಡಿ, ಅದಕ್ಕೆ ಕೂಲಿಯನ್ನೂ ಕೊಡಿ. ಅವರು ನೋಡಿರದ ಡ್ರಾಯಿಂಗ್, ಒಂದು ರಾಡ್, ಮೈಕ್ರೋಮೀಟರ್, ಬೋರ್ ಗೇಜ್. ಮೊದಲ ಪೀಸ್ ಅಳೆದ ಮೇಲೆ ಆಫ್‌ಸೆಟ್ (ಅಳತೆ ಸರಿಪಡಿಸಲು ಟೂಲ್ ಸರಿಸುವುದು) ಎಷ್ಟು ಕೊಡುತ್ತಾರೆ, ಯಾಕೆ ಅಂತ ಕೇಳಿ. ಡ್ರಾಯಿಂಗ್‌ನಲ್ಲಿ ರನೌಟ್ (ಪಾರ್ಟ್ ತಿರುಗುವಾಗ ಎಷ್ಟು ಓಲಾಡಬಹುದು ಅನ್ನೋ ಮಿತಿ) ಗುರುತು ಇರಲಿ. ಅದು ಗೊತ್ತಿಲ್ಲದಿದ್ದರೆ ಕಲಿಸಬಹುದು. ಗೊತ್ತಿಲ್ಲದೆಯೂ ಕೇಳದೆ ಮುಂದುವರಿದರೆ ಮಾತ್ರ ನಾನು ತೆಗೆದುಕೊಳ್ಳುವುದಿಲ್ಲ.

ಮೆಡಿಕಲ್ ಸ್ಟೋರ್ ಇಟ್ಟವರು: ನಮ್ಮಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ. 1948ರ ಫಾರ್ಮಸಿ ಕಾಯ್ದೆ ಪ್ರಕಾರ, ಚೀಟಿಗೆ ಔಷಧ ಕೊಡಲು ನೋಂದಾಯಿತ ಫಾರ್ಮಾಸಿಸ್ಟೇ ಇರಬೇಕು. ಎಷ್ಟು ವರ್ಷದ ಅನುಭವವೂ ಇದಕ್ಕೆ ಬದಲಿಯಲ್ಲ. ಅದು ಸರಿಯೂ ಹೌದು. ನಿಮ್ಮ ಸೆಟ್ಟರ್ ಕೆಲಸಕ್ಕೆ ಇಂಥ ಕಾನೂನು ಇಲ್ಲವಲ್ಲ, ಮತ್ತೆ ಸರ್ಟಿಫಿಕೇಟೇ ಬೇಕು ಅಂತ ಯಾಕೆ?

ಸಣ್ಣ ಕಾರ್ಖಾನೆಯ ಲೆಕ್ಕ ನೋಡುವವರು: ಒಬ್ಬರನ್ನೇ ಆರಿಸಬೇಕಿಲ್ಲ. ಅನುಭವ ಇರುವವರನ್ನು ಸೆಟ್ಟರ್ ಮಾಡಿ, ಹುಡುಗನನ್ನು ನ್ಯಾಟ್ಸ್ ಯೋಜನೆಯಲ್ಲಿ (ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ ಕೆಲಸ ಕಲಿಸುವ ಕೇಂದ್ರ ಸರ್ಕಾರದ ಯೋಜನೆ) ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಿ. ಕನಿಷ್ಠ ಸ್ಟೈಪೆಂಡ್‌ನಲ್ಲಿ ಅರ್ಧ ಕೇಂದ್ರ ಸರ್ಕಾರ ಭರಿಸುತ್ತದೆ. ನಾಲ್ಕು ಜನ ಇರುವ ಶಾಪ್‌ಗೂ ಅವಕಾಶ ಇದೆ, ನಿಮ್ಮಲ್ಲಿ ಒಂಬತ್ತು ಜನ ಇದ್ದೀರಿ.

ಕ್ವಾಲಿಟಿ ವಿಭಾಗದಲ್ಲಿರುವವರು: ನಾನು ಪಿಯುಸಿ. ಒಂಬತ್ತು ವರ್ಷ ಇನ್ಸ್‌ಪೆಕ್ಷನ್ ಮಾಡಿದ್ದೇನೆ. ಹಿಂದಿನ ಕೆಲಸದಲ್ಲಿ ನಾನೇ ಕಲಿಸಿದ ಮೂವರು ನನ್ನ ಮೇಲೆ ಸೂಪರ್‌ವೈಸರ್ ಆದರು. ಆ ನೋವು ಇನ್ನೂ ಇದೆ. ದಯವಿಟ್ಟು ಆ ಅಣ್ಣನನ್ನು ತೆಗೆದುಕೊಂಡರೆ ಅಲ್ಲಿಗೇ ಬಿಡಬೇಡಿ. ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟಿಸಿ. ಅದಿದ್ದರೆ ಮುಂದೆ ಐಟಿಐ ಸೇರಬಹುದು. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೇ ಪ್ರವೇಶ ಸಿಗುತ್ತದೆ. ನಾಳೆ ನಿಮ್ಮ ಶಾಪ್ ಬಿಟ್ಟರೂ ಅವರು ಇನ್ನೊಂದು ಬಾಗಿಲಲ್ಲಿ ಹೀಗೆ ನಿಲ್ಲಬೇಕಾಗಬಾರದು, ಅಲ್ವಾ? ಪರೀಕ್ಷೆಯ ದಿನಗಳಿಗೆ ಸಂಬಳ ಹಿಡಿಯದೆ ರಜೆ ಕೊಡ್ತೀನಿ ಅಂತ ಸೇರಿಸಿಕೊಳ್ಳುವಾಗಲೇ ಹೇಳಿಬಿಡಿ.