ನರ್ಸ್ ನಗಬೇಕು ಅನ್ನೋ ಫಾರ್ವರ್ಡ್, ಮನೆ ಗ್ರೂಪಲ್ಲಿ ಜಗಳ

ದೊಡ್ಡಮಾವ: (ಫಾರ್ವರ್ಡ್) ಸಿಟ್ಟು, ದುಃಖ ಹಿಡಿತದಲ್ಲಿಟ್ಟುಕೊಂಡ ನರ್ಸ್ ಮುಖದಲ್ಲಿ ಸದಾ ನಗು! ಸಂಬಳ ಎಷ್ಟಿದ್ದರೂ ತೃಪ್ತಿ! ಸಂಶೋಧನೆಯಿಂದ ಸಾಬೀತು. ಎಲ್ಲರಿಗೂ ಕಳಿಸಿ 🙏

ರಘು: ಯಾರ ಸಂಶೋಧನೆ ಮಾವ? ಲಿಂಕ್ ಹಾಕಿ.

ದೊಡ್ಡಮಾವ: ಒಳ್ಳೆ ಮಾತಿಗೆ ಲಿಂಕ್ ಯಾಕೋ? ನಮ್ಮ ಹಳದೀಪುರದ ನರ್ಸ್ ಅರುಣಾ ಶಾನಭಾಗ ದಾಳಿಯಲ್ಲಿ ಪೆಟ್ಟಾಗಿ ಹಾಸಿಗೆ ಹಿಡಿದಾಗ, ಅವರು ಕೆಲಸ ಮಾಡುತ್ತಿದ್ದ ಮುಂಬೈಯ ಕೆಇಎಂ ಆಸ್ಪತ್ರೆ ನರ್ಸ್‌ಗಳೇ 2015ರಲ್ಲಿ ಅವರು ತೀರಿಕೊಳ್ಳುವ ತನಕ ನೋಡಿಕೊಂಡರು. ಸೇವೆ ಅಂದರೆ ಅದು. ಯಾರಾದರೂ ಗಲಾಟೆ ಮಾಡಿದರಾ?

ಮಂಜಣ್ಣ: ಹಳದೀಪುರ ಅಂದ್ರೆ ಅಜ್ಜಿ ಮನೆ ರಜೆ ನೆನಪಾಗ್ತದೆ. ಗದ್ದೆ ಬದುವಿನ ಮೇಲೆ ಓಡ್ತಿದ್ವಿ. ಹಲಸಿನಹಣ್ಣಿನ ಕಡುಬು!

ವೀಣಕ್ಕ: ಗಲಾಟೆ ಮಾಡಿದ್ದರು ಮಾವ. 1973ರಲ್ಲಿ ಅರುಣಾ ಮೇಲೆ ದಾಳಿ ಮಾಡಿದ್ದು ಅದೇ ಆಸ್ಪತ್ರೆಯ ನೌಕರ. ಆಗ ಮುಂಬೈ ನರ್ಸ್‌ಗಳು ಮುಷ್ಕರ ಹೂಡಿದರು. ಮುಂದೆ ಪಾಲಿಕೆಯವರು ಅರುಣಾರನ್ನು ಬೇರೆ ಕಡೆ ಸಾಗಿಸಲು ಹೊರಟಾಗ ತಡೆದವರೂ ನರ್ಸ್‌ಗಳೇ. ಅವರಿಗೆ ಪ್ರೀತಿಯೂ ಇತ್ತು, ಸಿಟ್ಟೂ ಇತ್ತು.

ರಘು: ಸಂಬಳದ ಮಾತೂ ಕೇಳಿ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರದ ಸಮಿತಿ ಕೂತಿತು. 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಅಂತ ಶಿಫಾರಸು ಮಾಡಿತು.

ದೊಡ್ಡಮಾವ: ನೀನು ಯಾವಾಗಲೂ ಹೀಗೇ. ನನ್ನ ಗೃಹಪ್ರವೇಶದ ದಿನ ಭಟ್ಟರ ಹತ್ತಿರವೂ ವಾದ ಮಾಡಿದ್ದೆ.

ರಘು: ಅದನ್ನ ಇಲ್ಲಿಗ್ಯಾಕೆ ತಂದ್ರಿ?

ವೀಣಕ್ಕ: ಇಬ್ಬರೂ ಸ್ವಲ್ಪ ಕೇಳಿ. ಮನಸ್ಸು ಸಂಭಾಳಿಸೋದು ನಮ್ಮ ನರ್ಸ್ ಕೆಲಸದಲ್ಲಿ ದೊಡ್ಡ ಭಾಗ. ಐದನೇ ಬೆಡ್‌ನ ಅಜ್ಜ ತೀರಿಕೊಂಡರೆ ಮಗಳನ್ನು ಕೂರಿಸಿ, ನೀರು ಕೊಟ್ಟು, ಮುಖ ತೊಳೆದುಕೊಂಡು ಆರನೇ ಬೆಡ್‌ಗೆ ಹೋಗಿ ‘ತಿಂಡಿ ಆಯ್ತಾ’ ಅಂತ ಕೇಳಬೇಕು. ಅದನ್ನು ಚೆನ್ನಾಗಿ ಮಾಡಿದ ದಿನ ನೆಮ್ಮದಿ ಅನಿಸುತ್ತದೆ, ಸುಳ್ಳಲ್ಲ. ಆದರೆ ನೈಟ್ ಡ್ಯೂಟಿಯಲ್ಲಿ ಇಡೀ ವಾರ್ಡ್‌ಗೆ ಒಬ್ಬಳೇ ಇದ್ದರೆ ಆ ಮಗಳ ಹತ್ತಿರ ನಿಲ್ಲಲು ಹೊತ್ತೆಲ್ಲಿ? ಜನ ಹಾಕದೆ ನಗು ಅಂದರೆ ಹೇಗೆ?

ದೊಡ್ಡಮಾವ: ನರ್ಸ್‌ಗಳನ್ನು ಹೊಗಳಿದ್ದೇ ತಪ್ಪಾಯ್ತಾ?

ವೀಣಕ್ಕ: ನಾನು ನರ್ಸಿಂಗ್ ಸೇರುವಾಗ ‘ನಮ್ಮ ಮನೆ ಹುಡುಗಿಗೆ ಇಂಥ ಕೆಲಸ ಯಾಕೆ’ ಅಂದವರು ನೀವು. ಈಗ ಹೊಗಳಿಕೆ ಬೇಡ. ನಿಮ್ಮ ಸ್ನೇಹಿತರ ನರ್ಸಿಂಗ್ ಹೋಮ್‌ನಲ್ಲಿ ರಾತ್ರಿ ಎಷ್ಟು ಜನ ನರ್ಸ್ ಇರುತ್ತಾರೆ, ಕೇಳಿ ಹೇಳಿ.

ದೊಡ್ಡಮಾವ: ಹಾಗಂದಿದ್ದು ನಿಮ್ಮಪ್ಪ, ನಾನಲ್ಲ.

ಅಪ್ಪ: ನಾನಾ? ಫೀಸ್ ಕಟ್ಟಿದವನು ನಾನು ಭಾವ.